ಮಾವನ ದನಿ ರಜೆ ಹಾಕಿದ ಮಳೆಗಾಲ

ಮೊನ್ನೆ ಹುಮನಾಬಾದಿನಲ್ಲಿ ಬಸ್ಸಿಳಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಯಾರೋ ರೈತ ಹೊಸ ಹಗ್ಗದ ಸಿಂಬಿಯನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನು ಉಜ್ಜಿಕೊಂಡೇ ಬಸ್ಸಿನತ್ತ ನುಗ್ಗಿದ. ತೊಯ್ದ ಪುಂಡಿನಾರಿನ ವಾಸನೆ ಮೂಗಿಗೆ ಹೊಡೆಯಿತು. ಅದೇನು ಅತ್ತರಲ್ಲ, ಹಳೆಯ ಗೋಣಿಚೀಲ, ಹಳ್ಳದ ಕೆಸರು, ಎತ್ತಿನ ಮೈ, ಮೂರನ್ನೂ ಕಲಸಿದಂಥ ವಾಸನೆ. ಮೂಗು ಮುಚ್ಚಿಕೊಳ್ಳಬೇಕಾದ ನಾನು ಗಂಟಲು ದಪ್ಪ ಮಾಡಿ, ನನಗರಿವಿಲ್ಲದೆ, "ಬರ್ರಿ ಯಜಮಾನ್ರ, ಊಟ ಆತೇನ್ರಿ?" ಎಂದುಬಿಟ್ಟೆ. ಆ ರೈತ ಬಸ್ಸಿನ ಮೆಟ್ಟಿಲ ಮೇಲಿಂದ ಹೊರಳಿ, "ಆಗ್ಯಾದ್ರಿ, ನಿಮ್ಮದು?" ಎಂದ.

ಆ ದನಿ ನನ್ನದಲ್ಲ, ನನ್ನ ಸೋದರಮಾವನದು. ಒಂದು ಮಳೆಗಾಲ ಪೂರ್ತಿ ಅದು ನನ್ನ ಬಾಯಲ್ಲಿ ಬಾಡಿಗೆಗಿತ್ತು.

ನಾನು ಕಲ್ಯಾಣದವನು. ಊರಿನ ಹೆಸರಿನಲ್ಲಿ ಬಸವ ಇದ್ದಾನೆ, ಮಾತಿನ ಅವಸರದಲ್ಲಿ ನಾವು ಅವನನ್ನು ಬಿಟ್ಟು ಬರೀ ಕಲ್ಯಾಣ ಎನ್ನುತ್ತೇವೆ. ಚಿಕ್ಕಂದಿನಿಂದ ನನಗಿರುವ ವಿದ್ಯೆ ಒಂದೇ, ಬೇರೆಯವರ ದನಿ ತೆಗೆಯುವುದು. ಹೆಡ್ಮಾಸ್ತರರ ದನಿಯಲ್ಲಿ ಬಾಗಿಲ ಹಿಂದಿನಿಂದ ಕೆಮ್ಮಿ ಇಡೀ ತರಗತಿಯನ್ನು ಎದ್ದು ನಿಲ್ಲಿಸುತ್ತಿದ್ದೆ. ಕಂಡಕ್ಟರನ ದನಿಯಲ್ಲಿ ಸೀಟು ಗಿಟ್ಟಿಸಿಕೊಳ್ಳುತ್ತಿದ್ದೆ. ಊರಿನ ಎಲ್ಲರ ದನಿಯೂ ಈ ಹುಡುಗನಿಗೆ ಬರುತ್ತದೆ, ಇವನದೊಂದೇ ಬರುವುದಿಲ್ಲ ಎಂದು ಅಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದ. ಅದನ್ನು ಅಪ್ಪನ ದನಿಯಲ್ಲೇ ನಾನು ಮರಳಿ ಹೇಳಿ ತೋರಿಸುತ್ತಿದ್ದೆ. ಡಿಗ್ರಿ ಮುಗಿದು, ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುತ್ತ, ಕೆಲಸ ಹುಡುಕುತ್ತಿರುವವನ ಮಿಮಿಕ್ರಿಯನ್ನೂ ಮನೆಯಲ್ಲಿ ಮಾಡುತ್ತ ಇದ್ದ ಕಾಲ ಅದು.

ಕಾಶಿನಾಥ ಮಾವನ ಅಂಗಡಿ ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿದೆ. ಅಲ್ಲಿ ಮನುಷ್ಯರಿಗೆ ಬೇಕಾದದ್ದು ಏನೂ ಸಿಗುವುದಿಲ್ಲ. ಇರುವುದೆಲ್ಲ ಎತ್ತುಗಳ ಸಾಮಾನು: ಮೂಗುದಾರ, ಹಗ್ಗ, ಹಿತ್ತಾಳೆಯ ಗೆಜ್ಜೆಸರ, ಹಣೆಗೆ ಕಟ್ಟುವ ಬಣ್ಣದ ಗೊಂಡೆ, ಬೆನ್ನ ಮೇಲೆ ಹೊದಿಸುವ ಕನ್ನಡಿ ಹಚ್ಚಿದ ಜೂಲು. ಮಾವನ ದನಿಯೇ ಅಂಗಡಿಯ ಬೋರ್ಡು. ಕಾಳು ತುಂಬಿಡುವ ನೆಲಗುಂಡಿ, ಖಾಲಿ ಹಗೇವಿಗೆ ಇಳಿದು ಮಾತಾಡಿದರೆ ಹೇಗೆ ಕೇಳುತ್ತದೋ ಹಾಗಿರುತ್ತಿತ್ತು. ಆತ ಮೊದಲು ದುಪ್ಪಟ್ಟು ದರ ಹೇಳುವನು. ಗಿರಾಕಿ ಎದೆ ಹಿಡಿದುಕೊಳ್ಳುವನು. ಆಮೇಲೆ ಮಾವ ಎತ್ತಿನ ವಯಸ್ಸು, ಬಿತ್ತನೆ, ಮನೆಯ ಮುದುಕಿಯ ಮೊಣಕಾಲು ಎಲ್ಲವನ್ನೂ ವಿಚಾರಿಸುತ್ತ ಒಂದೊಂದೇ ಮೆಟ್ಟಿಲು ಇಳಿದು ಬಂದು, ಕೊನೆಗೆ ಒಂದು ಮೂಗುದಾರವನ್ನು ಪುಕ್ಕಟೆ ಎಸೆದು ಕೈ ಮುಗಿಯುವನು. ಗಿರಾಕಿ ಗೆದ್ದವನ ಹಾಗೆ ಹೋಗುತ್ತಿದ್ದ. ಮಾವನೂ ಗೆದ್ದಿರುತ್ತಿದ್ದ.

ಆ ವರ್ಷ ಬೇಸಿಗೆಯಲ್ಲಿ ಮಾವನ ಗಂಟಲಲ್ಲಿ ಸಣ್ಣ ಗಂಟು ಕಂಡಿತು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಕೆಟ್ಟದ್ದೇನಿಲ್ಲ, ಆದರೆ ಶ್ರಾವಣದವರೆಗೆ ಒಂದು ಅಕ್ಷರವೂ ಬಾಯಿಂದ ಹೊರಡಬಾರದು ಎಂದರು ಡಾಕ್ಟರು. ಮರುದಿನವೇ ಅತ್ತೆ ನನಗೆ ಫೋನ್ ಮಾಡಿದಳು.

"ನಾಗ್ಯಾ, ನಿಮ್ಮ ಮಾಮಾಗ ಮಾತು ಬಂದ್ ಮಾಡ್ಯಾರ. ಕಾರಹುಣ್ಣಿಮಿ ಬಂದೇ ಬಿಡ್ತು. ನಿನಗ ದಿನಾ ಫೋನ್ ತಿಕ್ಕೂದರ ಬರ್ತದಲ್ಲ, ಬಾ."

ಎತ್ತಿನ ಸಾಮಾನಿಗೆ ವರ್ಷದಲ್ಲಿ ಎರಡೇ ಸುಗ್ಗಿ. ಒಂದು ಕಾರಹುಣ್ಣಿಮೆ, ಇನ್ನೊಂದು ಶ್ರಾವಣದ ಅಮಾವಾಸ್ಯೆಗೆ ಬರುವ ಪೋಳಾ. ನಮ್ಮ ಗಡಿಯ ಹಳ್ಳಿಗಳಲ್ಲೂ ಮಹಾರಾಷ್ಟ್ರದ ಕಡೆಯೂ ಅಂದು ಎತ್ತುಗಳೇ ಮದುಮಕ್ಕಳು. ನಾನು ಹೋಗಿ ಮುಟ್ಟುವಷ್ಟರಲ್ಲಿ ಕಾರಹುಣ್ಣಿಮೆ ಕೈಬಿಟ್ಟು ಹೋಗುವುದರಲ್ಲಿತ್ತು. ಮಾವ ದನದ ಸಂತೆಯವರ ಪದ್ಧತಿ ಹಿಡಿದಿದ್ದ. ಟವೆಲ್ಲಿನ ಕೆಳಗೆ ಗಿರಾಕಿಯ ಕೈ ಹಿಡಿದು, ಬೆರಳು ಒತ್ತಿ ದರ ಹೇಳುವುದು. ಹಳಬರಿಗೆ ಇದು ತಿಳಿಯುತ್ತಿತ್ತು, ಅವರೂ ಬೆರಳು ಒತ್ತಿ ಇಳಿಸಿಕೊಳ್ಳುತ್ತಿದ್ದರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಂದ ಹುಡುಗರು ಮಾತ್ರ, ಈ ಮುದುಕ ಯಾಕೆ ನನ್ನ ಕೈ ಹಿಡಿದುಕೊಂಡ ಎಂದು ಹೆದರಿ ಎದುರಿನ ಅಂಗಡಿಗೆ ಹೋಗುತ್ತಿದ್ದರು. ಹುಣ್ಣಿಮೆ ಮುಗಿದಾಗ ತರಿಸಿದ ಮಾಲಿನಲ್ಲಿ ಮುಕ್ಕಾಲು ಪಾಲು ಸೂರಿನಲ್ಲಿ ನೇತಾಡುತ್ತಲೇ ಇತ್ತು. ಮಾವ ರೊಕ್ಕದ ಗಲ್ಲೆಯ ಧೂಳಿನ ಮೇಲೆ ಬೆರಳಿನಿಂದ ಬರೆದು ತೋರಿಸಿದ: "ಪೋಳಾ ನೋಡ್ತೀನಿ. ಆಮ್ಯಾಗ ಕೀಲಿ."

ಅತ್ತೆ ಅದನ್ನು ಓದಿ, ಸೆರಗಿನಿಂದ ಗಲ್ಲೆ ಒರೆಸಿ, ನನ್ನ ಮುಖ ನೋಡಿದಳು. ಆನ್‌ಲೈನ್ ಅಂಗಡಿಯ ಮಾತು ನಾನು ತೆಗೆದದ್ದು ಆಗ. ನಿಜ ಹೇಳಬೇಕೆಂದರೆ ನನಗೂ ಅದರ ಗಂಧ ಗಾಳಿ ಇರಲಿಲ್ಲ. ಆದರೆ ಗೊತ್ತಿರುವವನ ದನಿ ನನಗೆ ಚೆನ್ನಾಗಿ ಬರುತ್ತಿತ್ತು.

ಒಂದು ಆ್ಯಪ್ ಇಳಿಸಿಕೊಂಡು ಕುಳಿತೆ. ಮಾಲು ಯಾವ ವಿಭಾಗದ್ದು ಎಂದು ಅದು ಕೇಳಿತು: ಗಂಡಸರು, ಹೆಂಗಸರು, ಮಕ್ಕಳು, ಸಾಕುಪ್ರಾಣಿ. ಅಂಗಡಿಯಲ್ಲಿ ಆಗ ಬೇಮಳಖೇಡದ ಹಣಮಂತಪ್ಪ ಕುಳಿತಿದ್ದ, ಮಾವನ ಹಳೆಯ ಗಿರಾಕಿ. ಸಾಕುಪ್ರಾಣಿ ಎಂದರೆ ಬೆಕ್ಕು ನಾಯಿ, ಎತ್ತು ಮನೆಯ ಮನುಷ್ಯ, ಗಂಡಸರ ಕಡೆಗೇ ಹಾಕು ಎಂದು ಆತ ಹಟ ಹಿಡಿದ. ಎತ್ತು ಎಂದರೆ ಪೂರಾ ಗಂಡಸೇನಲ್ಲವಲ್ಲ ಎಂದು ಅತ್ತೆ ಒಳಗಿನಿಂದ ನೆನಪಿಸಿದಳು. ಮಾವ ದನಿಯಿಲ್ಲದೆ ನಕ್ಕು ನಕ್ಕು ಗಂಟಲು ಹಿಡಿದುಕೊಂಡ. ಕೊನೆಗೆ ಸಾಕುಪ್ರಾಣಿಗೇ ಹಾಕಿದೆ. ಹಣಮಂತಪ್ಪನಿಗೆ ಗಂಡಸರಿಗೆ ಹಾಕಿದ್ದೇನೆಂದು ಹೇಳಿದೆ.

ಫೋಟೊ ತೆಗೆಯಲು ಆತನ ದೇವಣಿ ತಳಿಯ ಎತ್ತುಗಳೇ ಬೇಕಾದವು. ಆತ ಒಪ್ಪಿದ, ಆದರೆ ಎತ್ತಿನ ಪಕ್ಕದಲ್ಲಿ ತಾನೂ ನಿಲ್ಲಬೇಕೆಂದ. ಬೇಮಳಖೇಡದ ಆತನ ಹೊಲದ ಬದುವಿನ ಮೇಲೆ, ಕಪ್ಪು ಮಣ್ಣು ಎರಡೂ ಚಪ್ಪಲಿಯನ್ನು ನುಂಗಿಕೊಂಡ ಮೇಲೆ, ಬರಿಗಾಲಲ್ಲಿ ನಿಂತು ಫೋಟೊ ತೆಗೆದೆ. ಎಡಗಡೆಯ ಎತ್ತು ಹಣೆಯ ಗೊಂಡೆಯನ್ನು ಅರ್ಧ ತಿಂದಿತು. ಬಲಗಡೆಯದು ಫೋನನ್ನು ನೆಕ್ಕಿತು. ಎತ್ತುಗಳು ಗಂಭೀರವಾಗಿ, ಹಣಮಂತಪ್ಪ ಹಲ್ಲು ಬಿಟ್ಟು ನಿಂತ ಒಂದೇ ಫೋಟೊ ಚೆನ್ನಾಗಿ ಬಂದಿತ್ತು, ಅದನ್ನೇ ಹಾಕಿದೆ. ಆಮೇಲೆ ಬಂದ ವಿಚಾರಣೆಗಳಲ್ಲಿ ನಾಲ್ಕಕ್ಕೊಂದು, ಆ ಕೆಂಪು ರುಮಾಲು ಎಷ್ಟು ಎಂದು ಕೇಳುತ್ತಿತ್ತು. ಅದು ಆತನ ತಲೆಯದು, ಮಾರಾಟಕ್ಕಿಲ್ಲ ಎಂದು ಬರೆದೂ ಬರೆದೂ ಸಾಕಾಯಿತು. ಕಡೆಗೆ ಹಣಮಂತಪ್ಪನೇ, ಚಲೋ ದರ ಬಂದರೆ ಕೊಟ್ಟುಬಿಡು ಎಂದ.

ದರದ ಖಾನೆ ಬಂದಾಗ ಮಾವ ಬೆರಳು ಎತ್ತಿ ಎತ್ತಿ ತೋರಿಸಿದ, ನಾನು ತುಂಬುತ್ತ ಹೋದೆ. ಬಾಯಿಯಿಂದ ಹೇಳುತ್ತಿದ್ದ ಅದೇ ದುಪ್ಪಟ್ಟು ದರಗಳು. ಇಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ದರ ಎಂದರೆ ಮಾತಿನ ಶುರುವಾತು. ಅದೇ ಕೊನೆಯ ಮಾತೂ ಆಗಬಹುದೆಂದು ಆ ಅಂಗಡಿಯಲ್ಲಿ ಯಾರಿಗೆ ತಾನೇ ಹೊಳೆಯಬೇಕು?

ಮೊದಲ ಆರ್ಡರು ಬಂದ ದಿನ ಜಿಟಿಜಿಟಿ ಮಳೆ. ಹೈದರಾಬಾದಿನಿಂದ ಸುಮಿತ್ರಾ ಎಂಬುವರು ದೊಡ್ಡ ಗೆಜ್ಜೆಸರವೊಂದನ್ನು ಕೊಂಡಿದ್ದರು; ಕಳಿಸಬೇಕಾದದ್ದು ಮಾತ್ರ ಇಲ್ಲೇ ನಮ್ಮ ಮಗ್ಗುಲ ರಾಜೇಶ್ವರಕ್ಕೆ. ಅತ್ತೆ ಫೋನಿಗೆ ಕುಂಕುಮ ಹಚ್ಚಿದಳು. ಮಾವ ಹಿಗ್ಗಿ ಹತ್ತಿರ ಬಂದು ನೋಡಿದ. ಹಣ ಪೂರ್ತಿ ಬಂದಿತ್ತು. ಒಂದು ಪೈಸೆಯೂ ಇಳಿಸದೆ, ಹೇಳಿದ ದುಪ್ಪಟ್ಟು ದರವನ್ನೇ ಆಕೆ ಕಟ್ಟಿಬಿಟ್ಟಿದ್ದರು.

ಮಾವನ ಮುಖ ಇಳಿಯಿತು. ಆತನ ವ್ಯಾಪಾರದಲ್ಲಿ ಬೋಣಿಗೆಯ ಗಿರಾಕಿ ಚೌಕಾಸಿ ಮಾಡದೆ ಹೋದರೆ ಅದು ವ್ಯಾಪಾರವಲ್ಲ, ಜೇಬುಗಳ್ಳತನ. ಎದ್ದು ಪಾರ್ಸೆಲ್ಲಿಗೆ ಎರಡು ಮೂಗುದಾರ ಸೇರಿಸಿದ. ಸಮಾಧಾನವಾಗಲಿಲ್ಲ, ಒಂದು ಜೊತೆ ಗೊಂಡೆ ಸೇರಿಸಿದ. ಆಮೇಲೆ ಒಂದು ಹಗ್ಗ, ಆಮೇಲೆ ಒಂದು ತೆಂಗಿನಕಾಯಿ. ಇನ್ನೊಂದು ತಾಸು ಬಿಟ್ಟರೆ ತನ್ನನ್ನೂ ಕಟ್ಟಿ ಕಳಿಸುತ್ತಾನೆ ಎಂದಳು ಅತ್ತೆ. ಕೊನೆಗೆ ಮಾವ ನನ್ನ ಫೋನನ್ನು ಎತ್ತಿ ನನ್ನ ಕಿವಿಗೆ ಒತ್ತಿದ. ಮಾತಾಡು, ಆಕೆಯಿಂದ ಚೌಕಾಸಿ ಮಾಡಿಸು ಎಂದು ಅದರ ಅರ್ಥ.

ನನ್ನದೇ ದನಿಯಲ್ಲಿ ಶುರು ಮಾಡಿದೆ. ಅಕ್ಕಾರ, ನೀವು ಹೆಚ್ಚು ರೊಕ್ಕ ಕಟ್ಟಿದ್ದೀರಿ, ದಯಮಾಡಿ ಸ್ವಲ್ಪ ಕಡಿಮೆ ಕೇಳಿರಿ ಎಂದೆ.

"ಒಟಿಪಿ ಹೇಳಂಗಿಲ್ಲ ನೋಡು," ಎಂದಳು ಆಕೆ. "ಇಂಥಾ ಫೋನ್ ದಿನಾ ಬರ್ತಾವ. ಆಸ್ಪತ್ರ್ಯಾಗ ಡ್ಯೂಟಿ ಮ್ಯಾಲ ಇದ್ದೀನಿ. ಪೊಲೀಸರಿಗಿ ಕೊಡ್ಲಿ ಏನು ನಿನ್ನ ನಂಬರ?"

ಕಟ್ ಮಾಡುವವಳಿದ್ದಳು. ನನ್ನ ಕೈಲಿ ಬೇರೆ ಅಸ್ತ್ರವಿರಲಿಲ್ಲ. ಗಂಟಲನ್ನು ಹಗೇವಿಗೆ ಇಳಿಸಿದೆ. "ಯವ್ವಾ, ಊಟ ಆತೇನು? ನಾ ಹುಮನಾಬಾದ ಕಾಶಿನಾಥ. ಎತ್ತು ಯಾರವು, ಅಪ್ಪಂದೊ ಅಣ್ಣಂದೊ?"

ಆಕೆಯ ದನಿ ಹೈದರಾಬಾದಿನಿಂದ ರಾಜೇಶ್ವರಕ್ಕೆ ಬಂದು ಕುಳಿತಿತು. "ಕಾಕಾ? ನೀವೇ ಏನ್ರಿ? ಸಣ್ಣಾಕಿ ಇದ್ದಾಗ ಅಪ್ಪನ ಸಂಗಡ ಬರ್ತಿದ್ದೆ, ನಂಗೊಂದು ಗೆಜ್ಜಿ ಪುಕ್ಕಟ ಕೊಟ್ಟಿದ್ರಿ. ಅದೇ ದನಿ ಅದಲ್ರಿ. ಅಲ್ಲ, ಇಷ್ಟು ದರ ಹೇಳಾಕ ನಿಮಗ ಮನಸರ ಹ್ಯಾಂಗ ಬಂತು?"

ಅಲ್ಲಿಂದ ಆಕೆಯನ್ನು ತಡೆಯುವವರೇ ಇಲ್ಲ. ಎತ್ತಿನ ವಯಸ್ಸು ಬಂತು, ಅಣ್ಣನ ಬಿತ್ತನೆ ಬಂತು, ಅಪ್ಪನ ಮೊಣಕಾಲು ಬಂತು. ಇಳಿಸಿ ಇಳಿಸಿ ಮಾವ ಎಂದೂ ಬಿಡದ ದರಕ್ಕೆ ನಿಲ್ಲಿಸಿದಳು. ಹೆಚ್ಚಾದ ಹಣ ಮರಳಿ ಕಳಿಸಿದೆ. ಫೋನಿಟ್ಟು ತಿರುಗಿದರೆ ಮಾವ ನನ್ನನ್ನೇ ನೋಡುತ್ತಿದ್ದ. ಆತನ ಎದುರಿಗೆ ಆತನ ದನಿ ತೆಗೆದದ್ದು ಅದೇ ಮೊದಲು. ಏಟು ಬೀಳುತ್ತದೆ ಎಂದುಕೊಂಡೆ. ಮಾವ ಹತ್ತಿರ ಬಂದು, ಅಂಗೈಯನ್ನು ನೆಲದ ಕಡೆ ಮೆಲ್ಲಗೆ ಒತ್ತಿ ತೋರಿಸಿದ. ದನಿ ಸರಿ ಇದೆ, ಅವಸರ ಕಡಿಮೆ ಮಾಡು.

ಅಂದೇ ಆ್ಯಪಿನ ಅಂಗಡಿಯಲ್ಲಿ ಒಂದು ಸೂಚನೆ ಹಾಕಿದೆ. "ಇದು ಬಾಯಿಮಾತಿನ ದರ. ಫೋನ್ ಮಾಡಿ ಇಳಿಸಿಕೊಳ್ಳಬೇಕು. ಇಳಿಸದೆ ಕೊಂಡವರಿಗೆ ಮಾಲು ಕಳಿಸಲಾಗುವುದಿಲ್ಲ." ಯಾರೋ ಅದರ ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಂಚಿದರು. ಗೇಲಿ ಮಾಡಲೆಂದೇ ಹಂಚಿದ್ದರು, ಆದರೆ ಫೋನು ನಿಲ್ಲಲಿಲ್ಲ. ಉದಗೀರ, ಉಮರಗಾ, ಜಹೀರಾಬಾದ, ಎಲ್ಲೆಲ್ಲಿಂದಲೋ ಜನ ಚೌಕಾಸಿಗಾಗಿಯೇ ಕರೆ ಮಾಡಿದರು. ಒಬ್ಬ ಗೊಂಡೆಯನ್ನು ಬುಲೆಟ್ ಗಾಡಿಗೆ ಕಟ್ಟಲು ಕೇಳಿದ. ಗಾಡಿಗೆ ಎಷ್ಟು ವಯಸ್ಸು ಎಂದು ಮಾವನ ದನಿಯಲ್ಲಿ ಕೇಳಿದೆ.

ಮಳೆ ಜೋರಾದಾಗ ಅಂಗಡಿಯೊಳಗೆ ನೆಟ್‌ವರ್ಕ್ ಸಾಯುತ್ತಿತ್ತು. ಮಾಳಿಗೆ ಹತ್ತಿ, ನೀರಿನ ಟಾಕಿಯ ಮಗ್ಗುಲಿಗೆ ಕೊಡೆ ಹಿಡಿದು ನಿಂತು ವ್ಯಾಪಾರ ಮಾಡುತ್ತಿದ್ದೆ. ದಾರಿಹೋಕರು ತಲೆ ಎತ್ತಿ ನೋಡಿದರೆ ಕಡ್ಡಿಯಂಥ ಹುಡುಗನೊಬ್ಬ ಐವತ್ತೈದು ವರ್ಷದ ದನಿಯಲ್ಲಿ, ಯಾರದೋ ಎತ್ತಿನ ಗೊರಸಿನ ಬಗ್ಗೆ ಮರುಗುತ್ತಿರುವುದು ಕಾಣುತ್ತಿತ್ತು. ಕೆಳಗೆ ಮಾವ ಪಾರ್ಸೆಲ್ ಕಟ್ಟುತ್ತಿದ್ದ, ಅತ್ತೆ ಹೊಲಿಯುತ್ತಿದ್ದಳು. ನಾನು ಮಾವನ ದನಿಗೆ ಸ್ವಲ್ಪ ಬೆಲ್ಲ ಹೆಚ್ಚೇ ಹಾಕುತ್ತಿದ್ದೆ ಎಂಬುದು ಖರೆ. ಒಂದು ದಿನ ಅತ್ತೆ ಸೂಜಿ ಕೆಳಗಿಟ್ಟು ಗಂಡನ ಕಡೆ ನೋಡಿ ಹೇಳಿದಳು: "ಊರ ಹೆಣ್ಣಮಕ್ಕಳಿಗೆಲ್ಲ ಊಟ ಆತೇನವ್ವಾ ಅಂತದ ಈ ದನಿ. ಮನ್ಯಾಗಿನಾಕಿಗಿ ಒಂದಿನಾರ ಅಂದಿತ್ತೇನು ಕೇಳು." ಮಾವ ಹಗ್ಗದ ಗಂಟು ಬಿಗಿಯುವುದರಲ್ಲಿ ಮುಳುಗಿಹೋದ.

ಶ್ರಾವಣ ಬಂತು. ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಮಾತಾಡಬಹುದು ಎಂದರಂತೆ. ಮಾವ ಅತ್ತೆಯ ಮುಂದೆ ಬಾಯಿ ತೆರೆದು "ಚಾ" ಎಂದ. ಹೊರಬಂದದ್ದು ಹಗೇವಿನ ದನಿಯಲ್ಲ. ಸಣ್ಣಗೆ, ಒಣಗಿ, ಬಾಗಿಲ ಸಂದಿಯಿಂದ ಗಾಳಿ ನುಗ್ಗಿದ ಹಾಗಿತ್ತು. ಡಾಕ್ಟರು ಮೊದಲೇ ಹೇಳಿದ್ದರಂತೆ, ಇನ್ನು ಮೇಲೆ ಇರುವುದು ಇಷ್ಟೇ ಎಂದು. ಮಾವ ಚಹಾ ಕುಡಿದ, ಅಂಗಡಿಗೆ ಬಂದ, ಗಲ್ಲೆಯ ಹಿಂದೆ ಕುಳಿತ. ಬಾಯಿ ತೆರೆಯಲಿಲ್ಲ. ಮರುದಿನವೂ ಇಲ್ಲ. ಗಿರಾಕಿ ಬಂದರೆ ನನ್ನ ಕಡೆ ಬೆರಳು ತೋರಿಸುವನು. ಫೋನ್ ಬಂದರೆ, ನನ್ನ ಬಾಯಿಂದ ತನ್ನ ಹಳೆಯ ದನಿ ಕೇಳುತ್ತ ಕಣ್ಣು ಮುಚ್ಚಿ ಕೂಡುವನು.

ಮೊದಮೊದಲು ನನಗೆ ಇದು ಹೆಮ್ಮೆಯಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಮಾವ ಸಂತೆಗೆ ಹೋದಾಗ ಅತ್ತೆ ನನ್ನ ಮುಂದೆ ಬಂದು ಕುಳಿತಳು. ಆಕೆ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಮಾಲು ಹೋಗಾಕತ್ತದ, ಅಂಗಡಿ ಉಳಿತು. ಅದು ನಿನ್ನ ಪುಣ್ಯಾ. ಆದ್ರ ಡಾಕ್ಟರ ಇವನ ಬಾಯಿ ಬಿಚ್ಚ್ಯಾನ, ನೀ ಕಟ್ಟಿಟ್ಟೀದಿ. ಅಷ್ಟು ಚಂದ ದನಿ ನಿನ್ನ ಬಾಯಾಗ ಇರೂತನಕ ಇವ ತಂದು ಯಾಕ ತಗದಾನು? ಪೋಳಾ ಆದಮ್ಯಾಗ ನೀ ಊರಿಗಿ ಹೋಗು."

ನಾನು ಯಾವುದಾದರೂ ದನಿಯಲ್ಲಿ ಏನಾದರೂ ಹೇಳಿ ನಗಿಸಬಹುದಿತ್ತು. ಬದಲಿಗೆ ಹೂಂ ಎಂದೆ, ನನ್ನದೇ ದನಿಯಲ್ಲಿ.

ಪೋಳಾಕ್ಕೆ ಎರಡು ದಿನ ಇರುವಾಗ ಅಂಗಡಿಯ ಮುಂದೆ ಆಟೊ ನಿಂತಿತು. ಇಳಿದಾಕೆ ಮೂವತ್ತೈದರ ಹೆಂಗಸು, ಕೈಯಲ್ಲಿ ಪ್ರವಾಸದ ಚೀಲ. ಕಟ್ಟೆಯ ಹೊರಗಿನಿಂದಲೇ, "ಕಾಕಾ, ಹೈದರಾಬಾದ ಸುಮಿತ್ರಾ ಬಂದಾಳ್ರಿ," ಎಂದಳು. ರಜೆ ಹಾಕಿ ಅಣ್ಣನ ಮನೆಯ ಹಬ್ಬಕ್ಕೆ ಹೊರಟಿದ್ದಳು, ಇನ್ನೊಂದು ಎತ್ತಿಗೆ ಜೂಲು ಬೇಕಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಎದುರಾ ಎದುರು ಕುಳಿತು ಚೌಕಾಸಿ ಮಾಡುವ ಆಸೆಯಾಗಿತ್ತು.

ಮಾವ ನನ್ನ ತೋಳು ಹಿಡಿದು ನೇತಾಡುವ ಹಗ್ಗಗಳ ಹಿಂದೆ ತಳ್ಳಿದ. ತಾನು ಗಲ್ಲೆಗೆ ಹೋಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತ. ಆತನ ಎಣಿಕೆ ನನಗೆ ತಿಳಿಯಿತು. ಆತ ತುಟಿ ಅಲ್ಲಾಡಿಸುವುದು, ನಾನು ಮಾತಾಡುವುದು.

"ಬಾ ಯವ್ವಾ, ಊಟ ಆತೇನು?" ಎಂದೆ ಹಗ್ಗದ ಹಿಂದಿನಿಂದ. ಮಾವನ ತುಟಿ ಅರ್ಧ ಅಕ್ಷರ ತಡವಾಗಿ ಅಲ್ಲಾಡಿತು. ಸುಮಿತ್ರಾ ಗಮನಿಸಲಿಲ್ಲ, ಆಕೆಯ ಕಣ್ಣು ಜೂಲಿನ ಮೇಲಿತ್ತು. ಶುರುವಾಯಿತು. ದರ ಹೇಳಿದೆ, ಆಕೆ ಅರ್ಧಕ್ಕೆ ಕೇಳಿದಳು. ಒಂದು ಮೆಟ್ಟಿಲು ಇಳಿದೆ, ಆಕೆ ಅಲ್ಲೇ ನಿಂತಳು. ಎತ್ತು ಮುದಿಯಾಗಿದೆ, ಇದೇ ಅದರ ಕಡೆಯ ಪೋಳಾ ಇರಬಹುದು, ಅಪ್ಪ ತೀರಿಕೊಂಡ ವರ್ಷವೇ ಕೊಂಡದ್ದು ಅದು ಎಂದಳು. ಅಪ್ಪ ತೀರಿಕೊಂಡಿದ್ದ ಸಂಗತಿ ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಮೊಣಕಾಲಿನ ಬಗ್ಗೆ ಕೇಳಿದಾಗ ಹಾಗೇ ತೇಲಿಸಿದ್ದಳು. ಇಳಿದೆ, ಇಳಿದೆ, ಮೆಟ್ಟಿಲುಗಳೇ ಮುಗಿದುಹೋದವು. "ಆತು ಯವ್ವಾ, ನೀ ಕೇಳಿದ್ದಕ್ಕಽ ತಗೊ," ಎಂದೆ. "ಮ್ಯಾಲ ಒಂದು ಗೆಜ್ಜಿಸರಾನೂ ಒಯ್ಯಿ."

ಈ ಮಾತಿಗೆ ಮಾವನ ತುಟಿ ಅಲ್ಲಾಡಲಿಲ್ಲ. ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ದನಿ ಮಾತ್ರ ಅಂಗಡಿಯ ತುಂಬ ಉದಾರವಾಗಿ ಓಡಾಡುತ್ತಿತ್ತು. ಸುಮಿತ್ರಾ ಆತನ ಬಾಯಿಯನ್ನೂ ಹಗ್ಗಗಳನ್ನೂ ನೋಡಿದಳು. ಆಗ ಮಾವ ಹಗ್ಗಗಳ ಕಡೆ ಹೊರಳಿದ. ಬಾಗಿಲ ಸಂದಿಯ ಆ ಸಣ್ಣ ಗಾಳಿ ಹೊರಬಿತ್ತು.

"ಲೇ ನಾಗ್ಯಾ. ನನ್ನ ದನೀಲೆ ನನ್ನ ಅಂಗಡಿ ಮಾರಾಕತ್ತೀ ಏನಲೇ?"

ಒಳಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡಳು, ಕೈಯಲ್ಲಿದ್ದ ನೀರಿನ ಗಿಂಡಿ ಹಾಗೇ ಇತ್ತು. ನಾನು ಹಗ್ಗ ಸರಿಸಿ ಹೊರಗೆ ಬಂದೆ. ಸುಮಿತ್ರಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಆಮೇಲೆ ಮಾವನ ಕತ್ತಿನ ಗಾಯದ ಗುರುತು ನೋಡಿದಳು. ಆಕೆ ನರ್ಸು, ಬಿಡಿಸಿ ಹೇಳಬೇಕಾಗಲಿಲ್ಲ. ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, ಸ್ಟೂಲನ್ನು ಗಲ್ಲೆಗೆ ಹತ್ತಿರ ಎಳೆದುಕೊಂಡು ಕುಳಿತಳು.

"ಆ ಹುಡುಗಂದು ಬಿಡ್ರಿ ಕಾಕಾ. ನಿಮ್ಮ ದರ ಹೇಳ್ರಿ."

ಮಾವ ಹೇಳಿದ. ಕೇಳಿಸಿಕೊಳ್ಳಲು ಆಕೆ ಮುಂದಕ್ಕೆ ಬಾಗಬೇಕಾಯಿತು. ಬಾಗಿದವಳು ಎದೆ ಹಿಡಿದುಕೊಂಡಳು. "ದನಿ ಅಷ್ಟೇ ಸಣ್ಣ ಆಗ್ಯಾದ, ದರ ಆಗಿಲ್ಲ ಬಿಡ್ರಿ," ಎಂದಳು. ಮಾವ ನಕ್ಕ. ಒಂದು ತಾಸು ನಡೆಯಿತು ಆ ವ್ಯಾಪಾರ. ಮಾವ ಅಪ್ಪನ ಬಗ್ಗೆ ಕೇಳಿದ, ಆಕೆ ಹೇಳಿದಳು, ಮತ್ತೆ ದರಕ್ಕೆ ಬಂದರು. ಚಹಾ ಕುಡಿಯಲು ಬಂದಿದ್ದ ಹಣಮಂತಪ್ಪ, ಕಿವಿ ಕೇಳದವನಂತೆ ಅಂಗೈಯನ್ನು ಕಿವಿಗೆ ಹಿಡಿದು ನಿಂತುಬಿಟ್ಟ. ಜೂಲು ಹೋಯಿತು, ನಾನು ಬಿಟ್ಟುಕೊಟ್ಟ ದರಕ್ಕೆ ಖಂಡಿತ ಅಲ್ಲ. ಮೂಗುದಾರ ಮಾತ್ರ ಪುಕ್ಕಟೆ.

ಪೋಳಾದ ಮರುದಿನ ನಾನು ಚೀಲ ಕಟ್ಟಿದೆ. ಈಗ ಕಲ್ಯಾಣದಲ್ಲಿ ಒಂದು ಕೋಣೆ ಹಿಡಿದು ನಾಲ್ಕಾರು ಅಂಗಡಿಗಳ ಆನ್‌ಲೈನ್ ಕೆಲಸ ನೋಡಿಕೊಳ್ಳುತ್ತೇನೆ, ಹೆಚ್ಚುಕಡಿಮೆ ನನ್ನದೇ ದನಿಯಲ್ಲಿ. ಮಾವನ ಫೋನು ಮಾವನೇ ಎತ್ತುತ್ತಾನೆ. ಹಳೆಯ ದನಿಯ ರುಚಿ ಹತ್ತಿದವರು ಈಗಲೂ ಕೆಲವರಿದ್ದಾರೆ. ನೀವು ಬೇಡ, ಮಾಲಕರಿಗೆ ಕೊಡಿ ಎನ್ನುತ್ತಾರಂತೆ.

ಮೊನ್ನೆ ನಾನು ಅಂಗಡಿ ಮುಟ್ಟಿದಾಗ ಅಂಥದೇ ಒಂದು ಫೋನು ನಡೆದಿತ್ತು. ಮಾವ ನನಗೆ ಕೂಡು ಎಂದು ಕಣ್ಣಲ್ಲೇ ಹೇಳಿ, ಆ ಕಡೆಯವನಿಗೆ ತನ್ನ ಸಣ್ಣ ದನಿಯಲ್ಲಿ, ಬಹಳ ಮರುಕದಿಂದ ಹೇಳುತ್ತಿದ್ದ:

"ಆ ದಪ್ಪ ದನಿಯವನೇನ್ರಿ? ಅವ ನನ್ನ ತಮ್ಮ. ಭಾಳ ಚಲೋ ಮನಷ್ಯಾ ಇದ್ದ, ವ್ಯಾಪಾರ ಬರ್ತಿರಲಿಲ್ಲ. ಊರಿಗಿ ಕಳಿಸಿಬಿಟ್ಟೀವಿ. ಹಾಂ, ಎತ್ತು ಎಷ್ಟು ವರ್ಷದ್ದು ಅಂದ್ರಿ?"